ಭುಜ ಹಿಡಿದಾಗ ಕೈ ಚೆಲ್ಲಬೇಡಿ

2025ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಹೊಯ್ಯುತ್ತಿದ್ದಾಗಲೇ ನಮ್ಮ ಸಂಘದ ಸದಸ್ಯರೊಬ್ಬರು ಕಛೇರಿಗೆ ಬಂದು, ಚೇಣಿ ಕರಾರು ಬರೆಯುವ ಕ್ರಮ ಹೇಗೆಂದು ವಿಚಾರಿಸಿದರು. ಎರಡೂವರೆ ಎಕರೆ ಅಡಿಕೆ, ಅದರ ಮಗ್ಗುಲಿಗೆ ಒಂದಿಷ್ಟು ರೋಬಸ್ಟಾ ಇರುವ ಸಣ್ಣ ಹಿಡುವಳಿ ಅವರದು. ಮೂವತ್ತು ವರ್ಷ ತಾವೇ ಮುಂದೆ ನಿಂತು ಮಾಡಿದ ತೋಟ. "ಯಾಕೆ, ಏನಾಯಿತು?" ಎಂದೆ. ಅವರು ಬಲಗೈಯನ್ನು ಎತ್ತಿ ತೋರಿಸಿದರು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲಿಯೇ ನಿಂತಿತು.

"ಇಷ್ಟೇ ನೋಡಿ ಮಾರಾಯ್ರೆ. ಆರು ತಿಂಗಳಾಯ್ತು. ಇನ್ನು ಈ ಕೈ ಇಲ್ಲ ಅಂತಲೇ ಲೆಕ್ಕ. ಐದು ವರ್ಷಕ್ಕೆ ಯಾರಿಗಾದ್ರೂ ಕೊಟ್ಟುಬಿಡ್ತೇನೆ," ಎಂದರು.

ನಾನು ಎದ್ದು ನಿಂತು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಮೊಳೆಯನ್ನು ನನ್ನ ಎಡಗೈಯಿಂದ ಮುಟ್ಟಿ ತೋರಿಸಿದೆ. "ಮೂರು ವರ್ಷದ ಕೆಳಗೆ ಈ ಕೈಯೂ ಹೀಗೇ ಇತ್ತು," ಎಂದೆ. ಅವರು ಅಷ್ಟು ಸುಲಭಕ್ಕೆ ನಂಬಲಿಲ್ಲ. ಆ ದಿನ ಅವರಿಗೆ ಹೇಳಿದ್ದನ್ನು ಉಳಿದ ಸದಸ್ಯ ಬಂಧುಗಳಿಗೂ ಹೇಳಿದರೆ ಒಬ್ಬಿಬ್ಬರಿಗಾದರೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರನಲ್ಲ. ಈ ಕಾಯಿಲೆಯನ್ನು ಅನುಭವಿಸಿದವನು, ಅದರ ದೆಸೆಯಿಂದ ಒಂದು ದೊಡ್ಡ ತಪ್ಪನ್ನೂ ಮಾಡಿದವನು. ಇವೆರಡೇ ನನ್ನ ಅರ್ಹತೆ.

ಏನಿದು ಕಾಯಿಲೆ?

ಡಾಕ್ಟರುಗಳು ಇದನ್ನು 'ಫ್ರೋಜನ್ ಶೋಲ್ಡರ್' ಎನ್ನುತ್ತಾರೆ. ನಮ್ಮ ಕಡೆ 'ಭುಜ ಹಿಡಿದಿದೆ', 'ರಟ್ಟೆ ಬಿದ್ದಿದೆ' ಎನ್ನುವುದುಂಟು. ಹೆಸರು ಇಂಗ್ಲಿಷಿನದಾದರೂ ಕಾಯಿಲೆ ಹೊಸದಲ್ಲ. ಭುಜದ ಕಟ್ಟು ಒಣಗಿ ತೋಳು ಆಡದಂತಾಗುವುದನ್ನು ಸುಶ್ರುತ ಸಂಹಿತೆಯಲ್ಲಿ 'ಅವಬಾಹುಕ' ಎಂದು ಕರೆದಿದೆ. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಭುಜದ ಬಗ್ಗೆ ಬರೆದ ಗ್ರಂಥದಲ್ಲಿ 'ಫ್ರೋಜನ್ ಶೋಲ್ಡರ್' ಎಂಬ ಹೆಸರನ್ನು ಬಳಸಿದರು. ಜಪಾನಿನ ಜನ ಇದಕ್ಕೆ 'ಗೋಜೂಕಾತಾ', ಅಂದರೆ 'ಐವತ್ತರ ಭುಜ' ಎನ್ನುತ್ತಾರೆ. ಬಹಳ ಸರಿಯಾದ ಹೆಸರು. ಹೆಚ್ಚಾಗಿ 40ರಿಂದ 60ರ ವಯಸ್ಸಿನೊಳಗೆ ಬರುವ ಕಾಯಿಲೆ ಇದು. ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ಸಾಮಾನ್ಯವಾಗಿ 100 ಜನರಲ್ಲಿ 2ರಿಂದ 5 ಮಂದಿಗೆ ಬರುತ್ತದೆಂದು ವೈದ್ಯರ ಲೆಕ್ಕ. ನಮ್ಮ ಸಂಘದ ಸದಸ್ಯರಲ್ಲಿ ಹೆಚ್ಚಿನವರು ಇದೇ ವಯಸ್ಸಿನವರಾದುದರಿಂದ ವಿಷಯ ನಮಗೆ ದೂರದ್ದಲ್ಲ.

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ಗುಂಡನೆಯ ತಲೆ ಒಂದು ಸಣ್ಣ ಬಟ್ಟಲಿನಲ್ಲಿ ಕುಳಿತಿರುತ್ತದೆ. ಅದರ ಸುತ್ತ ತೆಳುವಾದ ಪೊರೆಯ ಚೀಲವಿದೆ. ಕೈಯನ್ನು ಮೇಲೆ, ಹಿಂದೆ, ಸುತ್ತ ಆಡಿಸಲು ಅನುಕೂಲವಾಗುವಂತೆ ಈ ಚೀಲ ಸಡಿಲವಾಗಿರುತ್ತದೆ. ಕಾಯಿಲೆ ಬಂದಾಗ ಚೀಲಕ್ಕೆ ಉರಿಯೂತವಾಗಿ, ಅದು ದಪ್ಪಗಾಗಿ, ಮುದುಡಿಕೊಳ್ಳುತ್ತದೆ. ಅಡಿಕೆ ಹಾಳೆಯನ್ನು ನೆನೆಸಿಕೊಳ್ಳಿ. ಹಸಿಯಾಗಿದ್ದಾಗ ಹೇಗೆ ಬೇಕಾದರೂ ಬಾಗುವ ಹಾಳೆ ಒಣಗಿದ ಮೇಲೆ ಮುದುರಿ ಗಟ್ಟಿಯಾಗುವುದಿಲ್ಲವೇ? ಹಾಗೆಯೇ ಇದು. ಒಣ ಹಾಳೆಯನ್ನು ಹಟದಿಂದ ಬಗ್ಗಿಸಿದರೆ ಸೀಳುತ್ತದೆ. ನೀರಿನಲ್ಲಿ ನೆನೆಸಿ ನಿಧಾನವಾಗಿ ಬಗ್ಗಿಸಿದರೆ ಟೊಪ್ಪಿಯಾಗುತ್ತದೆ. ಮುಂದೆ ಚಿಕಿತ್ಸೆಯ ಮಾತು ಬಂದಾಗ ಈ ಹೋಲಿಕೆಯನ್ನು ಮರೆಯಬಾರದು.

ಭುಜದ ನೋವೆಲ್ಲ ಇದೇ ಕಾಯಿಲೆಯಲ್ಲ. ಗುರುತಿಸಲು ಒಂದು ಸುಲಭದ ಉಪಾಯವನ್ನು ನನಗೆ ನೋಡಿದ ಮೂಳೆ ತಜ್ಞರು ಹೇಳಿಕೊಟ್ಟರು. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು, ಮುಂಗೈಯನ್ನು ನೇರ ಮುಂದಕ್ಕೆ ಚಾಚಿ, ಬಾಗಿಲು ತೆರೆದಂತೆ ಹೊರಗಡೆಗೆ ತಿರುಗಿಸಬೇಕು. ಎರಡು ಕೈಗಳನ್ನೂ ಒಟ್ಟಿಗೆ ತಿರುಗಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಭುಜ ಹಿಡಿದವನ ಕೈ ಹೊರಗೆ ತಿರುಗುವುದೇ ಇಲ್ಲ. ಅವನಾಗಿ ತಿರುಗಿಸಿದರೂ ಇಲ್ಲ, ಬೇರೆಯವರು ಹಿಡಿದು ತಿರುಗಿಸಿದರೂ ಇಲ್ಲ. ನಮ್ಮಿಂದ ಎತ್ತಲಾಗದ ಕೈಯನ್ನು ಇನ್ನೊಬ್ಬರು ಸುಲಭವಾಗಿ ಎತ್ತಬಹುದಾದರೆ ಅದು ಸ್ನಾಯುವಿನ ಕಟ್ಟು ಹರಿದ ತೊಂದರೆಯಿರಬಹುದು, ಅದರ ದಾರಿಯೇ ಬೇರೆ. ಎಕ್ಸ್‌ರೇಯಲ್ಲಿ ಈ ಕಾಯಿಲೆ ಸಾಮಾನ್ಯವಾಗಿ ಕಾಣುವುದಿಲ್ಲ. ಬೇರೆ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಅದನ್ನು ತೆಗೆಸುತ್ತಾರೆ.

ನನಗೆ ಬಂದ ಬಗೆ

2021ರ ನವೆಂಬರ್ ಅನೇಕರಿಗೆ ನೆನಪಿರಬೇಕು. ಅರೇಬಿಕಾ ಹಣ್ಣಾಗುವ ಹೊತ್ತಿಗೆ ಸರಿಯಾಗಿ ಅಕಾಲ ಮಳೆ ಹಿಡಿದು, ಗಿಡದ ಹಣ್ಣು ಉದುರಿ, ಕಣದ ಕಾಫಿ ಒಣಗದೆ ಹೈರಾಣಾದೆವು. ದಿನಕ್ಕೆ ನಾಲ್ಕೈದು ಸಲ ಟಾರ್ಪಾಲು ಎಳೆಯುವುದು, ತೆಗೆಯುವುದು. ಹಾಗೆ ಎಳೆಯುತ್ತಿದ್ದ ಒಂದು ಸಂಜೆ ಎಡಭುಜದಲ್ಲಿ ಛಳಕ್ಕೆಂದಿತು. ಉಳುಕಿರಬೇಕೆಂದು ಸುಮ್ಮನಾದೆ. ಟಾರ್ಪಾಲು ಎಳೆದುದರಿಂದಲೇ ಕಾಯಿಲೆ ಬಂತೆನ್ನುವಂತಿಲ್ಲ. ಪೆಟ್ಟು, ಶಸ್ತ್ರಚಿಕಿತ್ಸೆ ಆದಮೇಲೆ ಬಹಳ ದಿನ ಕೈ ಆಡಿಸದೆ ಇರುವುದರಿಂದ ಬರುವುದುಂಟು. ಬಹಳ ಮಂದಿಗೆ ಮಾತ್ರ ಯಾವ ಕಾರಣವೂ ಕಾಣದೆ ತಾನಾಗಿ ಬರುತ್ತದೆ.

ಡಿಸೆಂಬರಿನ ಹೊತ್ತಿಗೆ ರಾತ್ರಿಯ ನೋವು ಶುರುವಾಯಿತು. ಹಗಲು ಹೇಗೋ ಕಳೆಯುತ್ತಿತ್ತು. ಎಡ ಮಗ್ಗುಲಿಗೆ ಹೊರಳಿದ ಕೂಡಲೇ ಎಚ್ಚರ. ಒಂದು ಗಂಟೆಗೆ ಎದ್ದು ಜಗುಲಿಯಲ್ಲಿ ಕುಳಿತರೆ ನಾಲ್ಕು ಗಂಟೆಯವರೆಗೆ ಕಪ್ಪೆಗಳ ಸದ್ದು ಕೇಳುವುದೇ ಕೆಲಸ. ಕೈಯಿಂದ ಜಾರಿದ ಲೋಟವನ್ನು ತಟಕ್ಕನೆ ಹಿಡಿಯಹೋದರೆ, ಎಡವಿ ಕೈ ಚಾಚಿದರೆ, ಕಣ್ಣಲ್ಲಿ ನೀರು ಬರುವಂತಹ ನೋವು. ಜನವರಿಯಲ್ಲಿ ಅಂಗಿಯ ತೋಳು ತೊಡುವುದು ಕಷ್ಟವಾಯಿತು. ಫೆಬ್ರವರಿಯಲ್ಲಿ ಜೀಪಿನ ಗೇರು ಹಾಕಲು ಮೈಯನ್ನೆಲ್ಲ ಬಗ್ಗಿಸಬೇಕಾಯಿತು. "ಎಡಗೈ ತಾನೇ, ಬಿಡಿ," ಎಂದವರೇ ಹೆಚ್ಚು. ದೋಟಿ ಹಿಡಿದು ಕೊನೆ ತೆಗೆಯುವವನಿಗೆ ಎಡಗೈ, ಬಲಗೈ ಎಂಬ ಭೇದ ಇರುವುದಿಲ್ಲವೆಂದು ಅವರಿಗೆ ಹೇಗೆ ವಿವರಿಸುವುದು?

ಮೊದಲ ತಪ್ಪು

ನಾಲ್ಕು ತಿಂಗಳು ಡಾಕ್ಟರಲ್ಲಿಗೆ ಹೋಗಲಿಲ್ಲ. ಅವರಿವರು ಹೇಳಿದ ತೈಲಗಳನ್ನು ಹಚ್ಚಿದೆ. ತೈಲ ಹಚ್ಚಿ ಬಿಸಿನೀರು ಹೊಯ್ದುಕೊಂಡದ್ದರಿಂದ ಕೆಡುಕೇನೂ ಆಗಲಿಲ್ಲ, ಹಾಯೆನಿಸುತ್ತಿತ್ತು. ಕೆಡುಕಾದದ್ದು ಎಳೆಸಿಕೊಂಡದ್ದರಿಂದ. ಕೈಕಾಲು ನೀವಿ ಸರಿಮಾಡುವವರೊಬ್ಬರಲ್ಲಿಗೆ ಹೋದೆ. ಅವರು ಒಳ್ಳೆಯ ಮನಸ್ಸಿನಿಂದಲೇ, 'ಕಟ್ಟು ಬಿಡಿಸುತ್ತೇನೆ' ಎಂದು ಕೈಯನ್ನು ಹಿಡಿದು ಒಮ್ಮೆಗೇ ಮೇಲಕ್ಕೆಳೆದರು. ಒಣ ಹಾಳೆಯನ್ನು ಬಗ್ಗಿಸಿದ ಹಾಗಾಯಿತು. ಆಮೇಲೆ ಮೂರು ವಾರ ಕೈಯನ್ನು ಎದೆಗೆ ಅವಚಿಕೊಂಡೇ ತಿರುಗಿದೆ. ಇದ್ದ ಚಲನೆಯೂ ಅರ್ಧವಾಯಿತು.

ಈ ವಿಷಯದಲ್ಲಿ ನೆದರ್ಲೆಂಡ್ಸ್ ದೇಶದ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಭುಜ ಹಿಡಿದ 77 ಮಂದಿಯಲ್ಲಿ ಒಂದು ಗುಂಪಿಗೆ ನೋವನ್ನು ಮೀರಿ ಕೈ ಎಳೆಯುವ ಕಟ್ಟುನಿಟ್ಟಿನ ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪಿನವರಿಗೆ ನೋವಿನ ಎಲ್ಲೆಯೊಳಗೆ ಕೈ ಆಡಿಸಿಕೊಂಡಿರಲು ಹೇಳಿದರು. ಎರಡು ವರ್ಷಗಳ ನಂತರ ನೋಡಿದಾಗ, ನಿಧಾನದ ಗುಂಪಿನಲ್ಲಿ ನೂರಕ್ಕೆ 89 ಮಂದಿಯ ಭುಜ ಸಹಜ ಅಥವಾ ಸಹಜಕ್ಕೆ ಹತ್ತಿರವಾಗಿತ್ತು. ಎಳೆದ ಗುಂಪಿನಲ್ಲಿ ನೂರಕ್ಕೆ 63 ಮಂದಿಯದು ಮಾತ್ರ. ಹಟ ಮಾಡಿದವರಿಗಿಂತ ತಾಳಿಕೊಂಡವರಿಗೆ ಹೆಚ್ಚು ಲಾಭವಾಯಿತು.

ಸಕ್ಕರೆಯ ಸುಳಿವು

2022ರ ಮಾರ್ಚಿನಲ್ಲಿ ಕೊನೆಗೂ ಮೂಳೆ ತಜ್ಞರನ್ನು ಕಂಡೆ. ಅವರು ಭುಜವನ್ನು ಪರೀಕ್ಷಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ, "ನಿಮಗೆ ಸಕ್ಕರೆ ಕಾಯಿಲೆ ಇದೆಯೇ?" ಎಂದು. ಇಲ್ಲವೆಂದೆ. "ಪರೀಕ್ಷೆ ಮಾಡಿಸಿದ್ದು ಯಾವಾಗ?" ಎಂದರು. ಮಾಡಿಸಿದ್ದೇ ಇರಲಿಲ್ಲ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿದರು. 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯೆಂದು ಅರ್ಥ. ನನ್ನದು 8.4 ಇತ್ತು.

ಸಕ್ಕರೆ ಕಾಯಿಲೆಯವರಲ್ಲಿ ಭುಜ ಹಿಡಿಯುವುದು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ನೂರಕ್ಕೆ 10ರಿಂದ 20 ಮಂದಿಗೆ ಬರುತ್ತದೆ ಎನ್ನುತ್ತಾರೆ. ಅವರಲ್ಲಿ ಬಿಗಿತ ಹೆಚ್ಚು, ವಾಸಿಯಾಗುವುದು ನಿಧಾನ. ಥೈರಾಯ್ಡ್ ದೋಷವಿದ್ದವರಲ್ಲಿಯೂ ಈ ಕಾಯಿಲೆ ಹೆಚ್ಚಾಗಿ ಕಾಣುತ್ತದೆ. ಆದುದರಿಂದ ಭುಜ ಹಿಡಿದ ಯಾರೇ ಆಗಲಿ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಈ ಲೇಖನದಿಂದ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಸಕ್ಕರೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಪಾದಗಳನ್ನು ತಿನ್ನುತ್ತಿರುತ್ತದೆ. ನನ್ನ ಮಟ್ಟಿಗೆ ಅದರ ಗುಟ್ಟನ್ನು ರಟ್ಟು ಮಾಡಿದ್ದು ಈ ಭುಜ. ಆ ಲೆಕ್ಕದಲ್ಲಿ ಭುಜಕ್ಕೆ ನಾನು ಋಣಿ.

ಮೂರು ಹಂತಗಳು

ಈ ಕಾಯಿಲೆಗೆ ಕಾಫಿ, ಅಡಿಕೆಯ ಹಾಗೆ ಒಂದು ಕಾಲಮಾನ ಇದೆ. ಮೊದಲನೆಯದು ನೋವಿನ ಹಂತ. ಸುಮಾರು 2ರಿಂದ 9 ತಿಂಗಳು. ರಾತ್ರಿ ನಿದ್ರೆಯಿಲ್ಲ, ಚಲನೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಎರಡನೆಯದು ಬಿಗಿತದ ಹಂತ. ಸುಮಾರು 4ರಿಂದ 12 ತಿಂಗಳು. ನೋವು ಇಳಿಯುತ್ತದೆ, ಕೈ ಮಾತ್ರ ಮರದಂತೆ ನಿಲ್ಲುತ್ತದೆ. ಮೂರನೆಯದು ಬಿಡುವ ಹಂತ. 5 ತಿಂಗಳಿನಿಂದ 2 ವರ್ಷದವರೆಗೂ ಹಿಡಿಯಬಹುದು. ಕೈ ಸ್ವಲ್ಪಸ್ವಲ್ಪವಾಗಿ ಸಡಿಲವಾಗುತ್ತದೆ. ಒಟ್ಟಿನಲ್ಲಿ ಒಂದರಿಂದ ಮೂರು ವರ್ಷದ ವ್ಯವಹಾರ.

ಬಹುಪಾಲು ಜನರಿಗೆ ಕೈ ಮರಳಿ ಬರುತ್ತದೆ. ಕೆಲವರಿಗೆ ಕೊಂಚ ಬಿಗಿತ, ಆಗೊಮ್ಮೆ ಈಗೊಮ್ಮೆ ನೋವು ಉಳಿಯುವುದುಂಟು. ವಾಸಿಯಾದ ಭುಜಕ್ಕೆ ಮತ್ತೆ ಬರುವುದು ಅಪರೂಪ. ಆದರೆ ಮುಂದಿನ ಕೆಲವು ವರ್ಷಗಳಲ್ಲಿ ಇನ್ನೊಂದು ಭುಜಕ್ಕೆ ಬರುವ ಸಂಭವ ಇದೆಯೆಂದು ತಿಳಿದಿರಬೇಕು.

ಎಲ್ಲಕ್ಕಿಂತ ಮೋಸ ಮಾಡುವುದು ಎರಡನೆಯ ಹಂತ. ನೋವಿದ್ದಾಗ ಮನುಷ್ಯನಿಗೆ ಇದು ಕಾಯಿಲೆಯೆಂಬ ನೆನಪಿರುತ್ತದೆ. ನೋವು ಹೋಗಿ ಕೈ ಮಾತ್ರ ಏಳದಿದ್ದಾಗ 'ಇಷ್ಟೇ, ಇನ್ನು ಹೀಗೆಯೇ' ಎಂಬ ಭಾವನೆ ಬಂದುಬಿಡುತ್ತದೆ. ನನ್ನ ಎರಡನೆಯ ತಪ್ಪು ನಡೆದದ್ದು ಆಗಲೇ.

ಎರಡನೆಯ ತಪ್ಪು

ಮಾರ್ಚಿನಲ್ಲಿಯೇ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಕೈ ಬರುತ್ತದೆ." ನಾನು 'ಎರಡು ವರ್ಷ' ಎಂಬುದನ್ನು ಮಾತ್ರ ಕೇಳಿಸಿಕೊಂಡೆ, 'ಬರುತ್ತದೆ' ಎಂಬುದನ್ನು ನಂಬಲಿಲ್ಲ. 2022ರ ಜೂನಿನಲ್ಲಿ ಅಡಿಕೆಗೆ ಬೋರ್ಡೋ ಹೊಡೆಸುವ ಕಾಲ. ಗಟಾರ್ ಪಂಪು ಒತ್ತಲಾಗದು, ಕೊಳವೆ ಎಳೆಯಲಾಗದು, ಮರ ಹತ್ತುವವರು ಸಿಕ್ಕುವುದು ಮೊದಲೇ ಕಷ್ಟ. ಮಗ ದೂರದಲ್ಲಿ ನೌಕರಿಯಲ್ಲಿದ್ದಾನೆ. "ಒಂದು ವರ್ಷ ನೋಡಿ ಆಮೇಲೆ ಯೋಚಿಸಿದರಾಗದೇ?" ಎಂದು ಮನೆಯವಳು ಅಂದಳು. ಸಂಘದಲ್ಲಿ ನೂರಾರು ಜನರ ಕರಾರು ಓದಿದವನೆಂಬ ಜಂಬ ನನಗೆ. ಮೂರು ಎಕರೆ ಅಡಿಕೆಯನ್ನು ಮೂರು ಫಸಲಿಗೆ, ಔಷಧಿ, ಕೊನೆಕೊಯ್ಲು ಎಲ್ಲವೂ ಅವರದೇ ಎಂಬ ಷರತ್ತಿನ ಮೇಲೆ ಚೇಣಿಗೆ ಬರೆದುಕೊಟ್ಟೆ. ಕಾಫಿಯನ್ನು ಮಾತ್ರ ಉಳಿಸಿಕೊಂಡೆ.

ಕೈ ಎತ್ತಲಾಗದ ಕಾಯಿಲೆ ಬಂದಾಗ ನಾನು ಬದುಕಿಗೇ ಕೈ ಎತ್ತಿದ್ದೆ.

2022ರ ಡಿಸೆಂಬರಿನಲ್ಲಿ ಕೈ ಬಿಡಲಾರಂಭಿಸಿತು. 2023ರ ಆಗಸ್ಟಿನ ಹೊತ್ತಿಗೆ ತಲೆಯ ಮೇಲೆ ಎತ್ತುವಂತಾಯಿತು. ಆ ವರ್ಷದ ಕೊನೆಕೊಯ್ಲಿಗೆ ನನ್ನ ಕೈ ತಯಾರಿತ್ತು, ತೋಟವಿರಲಿಲ್ಲ. ಇನ್ನೂ ಎರಡು ಫಸಲು ಕರಾರಿನಲ್ಲಿ ಬಾಕಿ. ದೋಟಿಯನ್ನು ಅಟ್ಟದಲ್ಲಿಟ್ಟು, ನನ್ನ ತೋಟದ ಕೊನೆಗಳು ಬೇರೆಯವರ ಅಂಗಳಕ್ಕೆ ಹೋಗುವುದನ್ನು ಎರಡು ವರ್ಷ ನೋಡಿದೆ. ಚೇಣಿ ಹಿಡಿದವರನ್ನು ದೂರುವಂತಿಲ್ಲ. ಅವರು ಕರಾರಿನಂತೆಯೇ ನಡೆದುಕೊಂಡರು. ಆದರೆ ಬಸಿಗಾಲುವೆ ಹೂಳೆತ್ತುವುದು, ಸೊಪ್ಪು ಹಾಕುವುದು, ಸತ್ತ ಮರದ ಜಾಗಕ್ಕೆ ಸಸಿ ನೆಡುವುದು ಕರಾರಿನಲ್ಲಿ ಇರಲಿಲ್ಲ. 2025ರ ಬೇಸಿಗೆಯಲ್ಲಿ ತೋಟ ಮರಳಿ ಕೈಗೆ ಬಂದಾಗ ಅದರ ಸ್ಥಿತಿಯೂ ನನ್ನ ಭುಜದ ಹಿಂದಿನ ಸ್ಥಿತಿಯಂತೆಯೇ ಇತ್ತು. ಈಗ ಅದನ್ನು ಬಿಡಿಸುತ್ತಿದ್ದೇನೆ.

ಎರಡು ವರ್ಷದ ಕಾಯಿಲೆಗೆ ಐದು ವರ್ಷದ ಕರಾರು ಬರೆಯಬೇಡಿ. ಸದಸ್ಯರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ತೋಟ ಮಾರುವುದು, ದೀರ್ಘಾವಧಿ ಗುತ್ತಿಗೆಗೆ ಕೊಡುವುದು, ಹಸು ಮಾರುವುದು, ಇಂಥ ಯಾವ ತೀರ್ಮಾನವನ್ನೂ ಬಿಗಿತದ ಹಂತದಲ್ಲಿ ಮಾಡಬಾರದು. ಅನಿವಾರ್ಯವಾದರೆ ಒಂದೊಂದೇ ಫಸಲಿಗೆ ಕೊಡಿ.

ಚಿಕಿತ್ಸೆಯ ವಿಚಾರ

ನೋವಿನ ಹಂತದಲ್ಲಿ ನೋವು ಕಡಿಮೆ ಮಾಡಿ ನಿದ್ರೆ ಬರಿಸುವುದೇ ಮುಖ್ಯ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಸಕ್ಕರೆ, ರಕ್ತದೊತ್ತಡ ಇದ್ದವರಂತೂ ಡಾಕ್ಟರನ್ನು ಕೇಳದೆ ನುಂಗಲೇಬಾರದು. ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಈ ಹಂತದಲ್ಲಿ ಒಳ್ಳೆಯ ಉಪಶಮನ ಕೊಡುತ್ತದೆ. ನನಗೆ 2022ರ ಏಪ್ರಿಲಿನಲ್ಲಿ ಕೊಟ್ಟರು. ಹತ್ತು ದಿನದಲ್ಲಿ ನಿದ್ರೆ ಬಂತು. ಆದರೆ ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ನಿನ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ಆ ದಿನಗಳಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತಿರಬೇಕು. ಇಂಜೆಕ್ಷನ್ನಿನ ಗುಣ ಕೆಲವು ವಾರ, ತಿಂಗಳುಗಳದು. ಆ ಅವಧಿಯಲ್ಲಿ ವ್ಯಾಯಾಮ ಮಾಡಿಕೊಂಡರೆ ಸಾರ್ಥಕ.

ಕೈ ಬಾರದೇ ಹೋದವರಿಗೆ ಬೇರೆ ಮಾರ್ಗಗಳಿವೆ. ಕೀಲಿನ ಚೀಲಕ್ಕೆ ನೀರಿನಂತಹ ದ್ರಾವಣ ತುಂಬಿ ಹಿಗ್ಗಿಸುವುದು ಒಂದು. ಮಂಪರು ಕೊಟ್ಟು ಕೈಯನ್ನು ಆಡಿಸಿ ಬಿಡಿಸುವುದು ಇನ್ನೊಂದು. ಸಣ್ಣ ರಂಧ್ರದ ಮೂಲಕ ಚೀಲವನ್ನು ಕೊಯ್ದು ಸಡಿಲಿಸುವ ಶಸ್ತ್ರಚಿಕಿತ್ಸೆ ಮತ್ತೊಂದು. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮಂಪರಿನಲ್ಲಿ ಬಿಡಿಸುವುದು, ಶಸ್ತ್ರಚಿಕಿತ್ಸೆ, ಇಂಜೆಕ್ಷನ್ನಿನೊಂದಿಗೆ ಕ್ರಮಬದ್ಧ ವ್ಯಾಯಾಮ, ಈ ಮೂರನ್ನೂ ಹೋಲಿಸಿ ನೋಡಿದರು. ವರ್ಷದ ಕೊನೆಗೆ ಮೂರು ಗುಂಪಿನವರೂ ಸಾಕಷ್ಟು ಸುಧಾರಿಸಿದ್ದರು, ಯಾವುದೊಂದೂ ಉಳಿದವಕ್ಕಿಂತ ಬಹಳ ಮೇಲೆಂದು ಕಾಣಲಿಲ್ಲ. ಆದುದರಿಂದ ಮೊದಲ ಭೇಟಿಯಲ್ಲಿಯೇ ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಾಗಿಲ್ಲ. ಕಡಿಮೆ ಖರ್ಚಿನ ದಾರಿಯನ್ನು ಮೊದಲು ಹಿಡಿಯಬಹುದು.

ಒಂದು ಎಚ್ಚರಿಕೆ. ಎಡಭುಜದ ನೋವಿನೊಂದಿಗೆ ಎದೆ ಭಾರ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ್ದಿರಬಹುದು, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿದ್ದು ಪೆಟ್ಟಾದ ಮೇಲೆ ಕೈ ಏಳದಿದ್ದರೆ, ಜ್ವರದೊಂದಿಗೆ ಭುಜ ಕೆಂಪಾಗಿ ಊದಿದ್ದರೆ, ಕೈ ಜೋಮು ಹಿಡಿದು ಶಕ್ತಿಗುಂದುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಭುಜ ಹಿಡಿದಿದೆಯೆಂದು ಮನೆಯಲ್ಲಿ ಕೂರಬಾರದು.

ಮನೆಯಲ್ಲಿ ಮಾಡುವ ವ್ಯಾಯಾಮ

ಫಿಸಿಯೋಥೆರಪಿಯವರು ಮೊದಲ ಮೂರು ಸಲ ಕಲಿಸಿದ ಮೇಲೆ ಉಳಿದದ್ದನ್ನು ಮನೆಯಲ್ಲಿಯೇ ಮಾಡಿದೆ. ಬಚ್ಚಲಿನಲ್ಲಿ ಭುಜಕ್ಕೆ ಬಿಸಿನೀರು ಹೊಯ್ದುಕೊಂಡ ಮೇಲೆ ಮಾಡಿದರೆ ಸಲೀಸು. ಹಾಳೆಯನ್ನು ನೆನೆಸುವುದೆಂದರೆ ಇದೇ. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ಸಲ.

1. ತೂಗುಗೈ: ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ, ಹಿಡಿದ ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಹಿಂದೆ ಮುಂದೆ ತೂಗಿ, ಆಮೇಲೆ ಸಣ್ಣ ವೃತ್ತಗಳನ್ನು ಬಿಡಿಸುವುದು. ನೋವಿನ ಹಂತದಲ್ಲಿಯೂ ಮಾಡಬಹುದಾದದ್ದು ಇದು. ಮೇಲೆ ಹೇಳಿದ ಕಾಡ್‌ಮನ್ನರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

2. ಗೋಡೆ ಹತ್ತುವುದು: ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲಕ್ಕೆ ನಡೆಸುವುದು. ಬಿಗಿಯಾದಲ್ಲಿ ನಿಂತು ಹತ್ತು ಎಣಿಸಿ ಇಳಿಸುವುದು.

3. ಕೊಡೆ ತಳ್ಳುವುದು: ಅಂಗಾತ ಮಲಗಿ, ಮೊಣಕೈಗಳನ್ನು ಪಕ್ಕೆಗಿಟ್ಟು, ಎರಡು ಕೈಗಳಿಂದ ಉದ್ದನೆಯ ಕೊಡೆ ಹಿಡಿದು, ಒಳ್ಳೆಯ ಕೈಯಿಂದ ಹಿಡಿದ ಕೈಯನ್ನು ಹೊರಗಡೆಗೆ ಮೆಲ್ಲಗೆ ತಳ್ಳುವುದು.

4. ಬೈರಾಸು ಎಳೆಯುವುದು: ಬೆನ್ನು ಉಜ್ಜುವಂತೆ ಬೈರಾಸನ್ನು ಹಿಂದೆ ಹಿಡಿದು, ಮೇಲಿನ ಒಳ್ಳೆಯ ಕೈಯಿಂದ ಕೆಳಗಿನ ಕೈಯನ್ನು ನಿಧಾನವಾಗಿ ಎಳೆಯುವುದು. ಇದು ಕೊನೆಯ ಹಂತಕ್ಕೆ, ಮೊದಲೇ ಬೇಡ.

ಎಷ್ಟು ಮಾಡಬೇಕೆಂಬುದಕ್ಕೆ ಅಳತೆಗೋಲು ರಾತ್ರಿಯ ನಿದ್ರೆ. ಮಾಡುವಾಗ ಎಳೆತ, ಸ್ವಲ್ಪ ನೋವು ಇರಬಹುದು. ಅದು ಬೇಗ ಇಳಿಯಬೇಕು. ಆ ರಾತ್ರಿ ನೋವು ಹೆಚ್ಚಾದರೆ ಮಾರನೆಯ ದಿನ ಕಡಿಮೆ ಮಾಡಬೇಕು. ನೋವಾಗುತ್ತದೆಂದು ಕೈಯನ್ನು ಕಟ್ಟಿಹಾಕಿ ಪೂರ್ತಿ ಬಿಟ್ಟುಬಿಡುವುದೂ ತಪ್ಪು.

ನಾನು ಕಾಫಿ ಉಗ್ರಾಣದ ಗೋಡೆಯನ್ನೇ ಹತ್ತುತ್ತಿದ್ದೆ. ಬೆರಳು ಮುಟ್ಟಿದ ಕಡೆ ಇದ್ದಿಲಿನಿಂದ ಗೀಟೆಳೆದು ತಾರೀಕು ಬರೆಯುತ್ತಿದ್ದೆ. 2022ರ ಜುಲೈಯಲ್ಲಿ ಮೊದಲ ಗೀಟು. ನವೆಂಬರಿನವರೆಗಿನ ಗೀಟುಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಮೆತ್ತಿದಂತಾಗಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಗೀಟು ಎರಡು ಬೆರಳು ಮೇಲೆ ಹೋಯಿತು. ಮನೆಯವಳನ್ನು ಕೂಗಿ ಕರೆದು ತೋರಿಸಿದೆ. ಗೋಡೆಗೆ ಸುಣ್ಣ ಹೊಡೆಸಿದರೂ ಆ ಭಾಗವನ್ನು ಹಾಗೆಯೇ ಬಿಡಿಸಿದ್ದೇನೆ.

ದಿನಚರಿ ಮತ್ತು ತೋಟದ ಕೆಲಸ

ಅಂಗಿ ತೊಡುವಾಗ ಹಿಡಿದ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಕೊನೆಗೆ ತೆಗೆಯಬೇಕು. ಬನಿಯನ್ನಿಗಿಂತ ಮುಂದೆ ಗುಂಡಿಯಿರುವ ಅಂಗಿ ವಾಸಿ. ಅಂಗಾತ ಮಲಗಿದಾಗ ತೋಳಿನ ಕೆಳಗೊಂದು ದಿಂಬು, ಮಗ್ಗುಲಾದಾಗ ಎದೆಗೂ ತೋಳಿಗೂ ನಡುವೆ ಒಂದು ದಿಂಬು ಇಟ್ಟುಕೊಂಡರೆ ನಿದ್ರೆ ಹತ್ತುತ್ತದೆ. ಹೆಂಗಸರಿಗೆ ತುರುಬು ಕಟ್ಟುವುದು, ಅಟ್ಟದಿಂದ ಪಾತ್ರೆ ಇಳಿಸುವುದು ಕಷ್ಟವಾಗುತ್ತದೆ. ಮನೆಯ ಗಂಡಸರು ಅದನ್ನು ಹೇಳಿಸಿಕೊಳ್ಳದೆ ಗಮನಿಸಬೇಕು. ಅಡಿಗೆಮನೆಯ ಡಬ್ಬಿಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ತೋಟದಲ್ಲಿ ದೋಟಿ, ಮರಗಸಿ, ಹೆಗಲ ಮೇಲಿನ ಸ್ಪ್ರೇಯರು, ಮೂಟೆ ಎತ್ತುವುದು, ಇವನ್ನು ನೋವಿನ ಹಂತದಲ್ಲಿ ಬಿಡಲೇಬೇಕು. ಸೊಂಟದ ಮಟ್ಟದ ಕೆಲಸಗಳನ್ನು ಬಿಡಬೇಕಾಗಿಲ್ಲ. ಕಾಫಿಯ ಚಿಗುರು ಕೀಳುವುದು, ನರ್ಸರಿಯ ಚೀಲಕ್ಕೆ ಮಣ್ಣು ತುಂಬುವುದು, ಅಡಿಕೆ ಆರಿಸುವುದು ನಡೆಯಬಹುದು. ಅವೂ ಒಂದು ಬಗೆಯ ವ್ಯಾಯಾಮವೇ.

ಆಳುಗಳ ಭುಜ

ಇನ್ನೊಂದು ಮಾತನ್ನು ಹೇಳದೆ ಮುಗಿಸಿದರೆ ಲೇಖನ ಪ್ರಾಮಾಣಿಕವಾಗುವುದಿಲ್ಲ. 2016ರ ಕುಯ್ಲಿನಲ್ಲಿ, ನಮ್ಮ ತೋಟದಲ್ಲಿ ಬಹಳ ವರ್ಷದಿಂದ ಹಣ್ಣು ಕೀಳುತ್ತಿದ್ದ ಹೆಂಗಸೊಬ್ಬಳು, "ಕೈ ಮೇಲೆ ಬರಾದಿಲ್ಲ ಅಯ್ಯಾ, ಕೊಂಬೆ ಬಗ್ಗಿಸಕ್ಕಾಗಾದಿಲ್ಲ," ಎಂದಳು. ಕಣ್ಣಿಗೆ ಕಾಣುವ ಗಾಯವಿಲ್ಲ, ಊತವಿಲ್ಲ. ನೆಪವೆಂದುಕೊಂಡೆ, ಬಾಯಿಬಿಟ್ಟು ಹೇಳಿಯೂ ಹೇಳಿದೆ. ಕಿಲೋ ಲೆಕ್ಕದ ಕೂಲಿಯಾದ್ದರಿಂದ ಅವಳ ಸಂಪಾದನೆ ಅರ್ಧವಾಯಿತು. ಮುಂದಿನ ವಾರ ಬರಲಿಲ್ಲ.

2023ರಲ್ಲಿ ಸಂತೆಯಲ್ಲಿ ಸಿಕ್ಕಳು. ನಾನಾಗಿಯೇ ಹೋಗಿ ಮಾತನಾಡಿಸಿ ಕೈ ಹೇಗಿದೆಯೆಂದು ಕೇಳಿದೆ. "ಎರಡು ವರ್ಷಕ್ಕೆ ತಾನೇ ಬಿಡ್ತು ಅಯ್ಯಾ. ಬಿಸಿನೀರು ಹಾಕಿ ದಿನಾ ಒಂಚೂರು ಒಂಚೂರು ಆಡಿಸ್ತಿದ್ದೆ," ಎಂದಳು. ಡಾಕ್ಟರು ಹೇಳಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು. 2016ರಲ್ಲಿ ಅವಳ ಮಾತಿಗೆ ಕಿವಿಗೊಟ್ಟಿದ್ದರೆ 2022ರಲ್ಲಿ ನನಗೆ ಧೈರ್ಯವಿರುತ್ತಿತ್ತು, ತೋಟವೂ ಉಳಿಯುತ್ತಿತ್ತು. ಅವಳಿಂದ ಕ್ಷಮೆ ಕೇಳಿದೆ. "ಅಯ್ಯೋ, ಬಿಡಿ," ಎಂದು ನಕ್ಕಳು. ಮುಂದೆ ಯಾರಾದರೂ ಕೆಲಸದವರು ಕೈ ಏಳುವುದಿಲ್ಲವೆಂದರೆ ಮೊದಲು ನಂಬಿ. ನೆಲಕ್ಕುದುರಿದ ಹಣ್ಣು ಹೆಕ್ಕುವುದೋ, ಕಣದಲ್ಲಿ ಆಯುವುದೋ, ದಿನಗೂಲಿಯ ಲೆಕ್ಕದಲ್ಲಿ ಏನಾದರೂ ಕೆಲಸ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ಅವರ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.

ಕೊನೆಗೆ

ಜುಲೈಯಲ್ಲಿ ಬಂದ ಸದಸ್ಯರು ಏನು ಮಾಡಿದರೆಂದು ಓದುಗರಿಗೆ ಕುತೂಹಲವಿರಬಹುದು. ಅಂದು ಅವರನ್ನು ಉಗ್ರಾಣಕ್ಕೆ ಕರೆದೊಯ್ದು ಇದ್ದಿಲಿನ ಗೀಟುಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ತಾರೀಕುಗಳನ್ನು ಬೆರಳಿಟ್ಟು ಓದಿದರು. "ಜುಲೈಯಿಂದ ನವೆಂಬರ್ ತನಕ ಒಂದಿಂಚೂ ಹೋಗಲಿಲ್ವಾ?" ಎಂದರು. "ಇಲ್ಲ," ಎಂದೆ. "ಆದರೂ ದಿನಾ ಮಾಡಿದ್ರಾ?" ಎಂದರು. "ಮಾಡಿದೆ. ಆದರೆ ತೋಟವನ್ನು ಮೊದಲೇ ಕೊಟ್ಟಾಗಿತ್ತು," ಎಂದೆ.

ಅವರು ಒಂದೇ ಫಸಲಿಗೆ ಚೇಣಿ ಬರೆದಿದ್ದಾರೆ. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದ್ದಾರೆ. ಒಂದೇ ಫಸಲಿನ ಚೇಣಿ ಕರಾರಿನ ನಮೂನೆ ಸಂಘದ ಕಛೇರಿಯಲ್ಲಿ ದೊರೆಯುತ್ತದೆ. ಭುಜ ಹಿಡಿದ ಸದಸ್ಯರು ಕರಾರು ಬರೆಯುವ ಮೊದಲು ಒಮ್ಮೆ ಬಂದು ಕಾಣಬೇಕಾಗಿ ವಿನಂತಿ. ಗೋಡೆಯ ಗೀಟುಗಳನ್ನು ತೋರಿಸಲು ಈ ಕಾರ್ಯದರ್ಶಿ ಸದಾ ಸಿದ್ಧ.